ಒರತೆ ನಿಂತ ಬೆಳಗು

ಕಾರವಾರ
ಮೇ 28

ಅಣ್ಣಾ,

ಲಕೋಟೆಯ ಹಿಂದಿನ ಹೆಸರು ನೋಡಿದ ಕೂಡಲೇ ನೀನು ಇದನ್ನು ಒಡೆಯದೆ ಕಿಸೆಗೆ ಹಾಕಿಕೊಳ್ಳುತ್ತೀ ಎಂದು ಗೊತ್ತು. ಗದ್ದೆಯಿಂದ ಬಂದ ಮೇಲಾದರೂ ಓದು.

ಒರತೆಕೊಪ್ಪಕ್ಕೆ ಇನ್ನೂ ಫೋನಿನ ಸಿಗ್ನಲ್ ಬಂದಿಲ್ಲ. ನೀನು ಅಂಕೋಲೆ ಪೇಟೆಗೆ ಇಳಿದಾಗ ಸಿಕ್ಕರೂ ಎರಡನೇ ಮಾತಿಗೇ ನಮ್ಮಿಬ್ಬರ ಧ್ವನಿ ಏರುತ್ತದೆ. ಬರೆದರೆ ಹಾಗಾಗಲಿಕ್ಕಿಲ್ಲ.

ಹೋದ ವರ್ಷ ಜುಲೈಯಲ್ಲಿ ಗುಡ್ಡ ಜಾರಬಹುದು ಎಂದು ವರದಿ ಬರೆದವಳು ನಾನು. ಅದನ್ನು ನಂಬಿ ಅಧಿಕಾರಿಗಳು ಒಂಬತ್ತೂ ಮನೆಯವರನ್ನು ಕೆಳಗಿನ ಶಾಲೆಗೆ ಸಾಗಿಸಿದರು. ಹತ್ತು ದಿನ ಕಳೆದರೂ ಗುಡ್ಡ ಕದಲಲಿಲ್ಲ. ಆರನೇ ದಿನ ಬೀರಿ ಅಜ್ಜಿಯ ಗಂಡ ನಾಗಜ್ಜ ಶಾಲೆಯ ನೆಲದ ಮೇಲೆ ಕಣ್ಣು ಮುಚ್ಚಿದರು. ನಾನು ಇನ್ನು ಗುಡ್ಡ ಹತ್ತಕೂಡದು ಎಂದು ಊರಿನವರು ಹೇಳಿದ್ದನ್ನು ನನಗೆ ಮುಟ್ಟಿಸಿದವನು ನೀನೇ. ನಾನು ಹತ್ತಲಿಲ್ಲ. ಅಜ್ಜನ ಹನ್ನೆರಡನೇ ದಿನದ ಊಟಕ್ಕೂ ಬರಲಿಲ್ಲ.

ಆದರೆ ಅಜ್ಜಿಯ ಮನೆಯ ಮೇಲಿನ ಬಿರುಕು ಇನ್ನೂ ಹಾಗೇ ಇದೆ. ಗುಡ್ಡದೊಳಗಿನ ನೀರು ಮತ್ತು ಕುಸಿತದ ನಮ್ಮ ಅಧ್ಯಯನಕ್ಕೆ ಇದೇ ಕೊನೆಯ ಮಳೆಗಾಲ. ಬೇರೆ ಏಳು ಗುಡ್ಡಗಳಿಂದ ಅಂಕಿ ಬರುತ್ತಿದೆ. ನಮ್ಮ ಗುಡ್ಡದ್ದು ಮಾತ್ರ ಇಲ್ಲ.

ನಿನ್ನಿಂದ ಮೂರು ಕೆಲಸ ಆಗಬೇಕು. ದಿನಾ ಬೆಳಿಗ್ಗೆ ಮಳೆಮಾಪಕ ನೋಡುವುದು. ಬಿರುಕಿನ ಎರಡು ಬದಿಗೆ ಹೊಡೆದ ಮೊಳೆಗಳ ನಡುವಿನ ಅಂತರ ಟೇಪಿನಲ್ಲಿ ಅಳೆಯುವುದು. ಒರತೆಯ ಬಾಯಿಗೆ ಹತ್ತು ಲೀಟರಿನ ಬಕೆಟ್ ಹಿಡಿದು ತುಂಬಲಿಕ್ಕೆ ಎಷ್ಟು ಸೆಕೆಂಡು ಬೇಕು ಎಂದು ಬರೆಯುವುದು. ಗುಡ್ಡದ ಹೊಟ್ಟೆಯಲ್ಲಿ ನೀರು ಎತ್ತ ಹೋಗುತ್ತಿದೆ ಎಂದು ಒರತೆಯೇ ಹೇಳುತ್ತದೆ. ವಾರಕ್ಕೊಮ್ಮೆ ಹಾಳೆಯನ್ನು ಅಂಚೆಗೆ ಹಾಕು. ಚೀಟಿ ಅಂಟಿಸಿದ ಹನ್ನೆರಡು ಲಕೋಟೆ ಇದರೊಟ್ಟಿಗೆ ಇವೆ.

ಊರಿಗೆ ಹೇಳಬೇಕೋ ಬೇಡವೋ ನಿನಗೆ ಬಿಟ್ಟಿದ್ದು. ಅತ್ತಿಗೆಯನ್ನು ಕೇಳಿದೆ ಎಂದು ಹೇಳು.

ನಿನ್ನ ತಂಗಿ,
ಪ್ರಣಿತಾ

•

ಒರತೆಕೊಪ್ಪ
ಜೂನ್ 9

ಪ್ರಣಿತಾ,

ಹಾಳೆ ಇದರೊಳಗಿದೆ. ಬಿರುಕು 4.1 ಸೆಂಟಿಮೀಟರು. ಒರತೆ 22 ಸೆಕೆಂಡು. ಮಳೆ ಇನ್ನೂ ಹಿಡಿದಿಲ್ಲ.

ಊರಿಗೆ ಹೇಳಿದ್ದೇನೆ. ಕದ್ದು ಮಾಡುವುದು ನನಗೆ ಆಗುವುದಿಲ್ಲ. ಮಧುಕರ ನಗಾಡಿದ. ಶಾಲೆಯಲ್ಲಿದ್ದ ಹತ್ತು ದಿನದಲ್ಲಿ ನೆಡಲಿಕ್ಕಿದ್ದ ಅವನ ಅಗೆಸಸಿ ಪೂರಾ ಕೊಳೆತು ಹೋಗಿತ್ತು, ಅದನ್ನು ಅವನು ಮರೆಯುವ ಹಾಗಿಲ್ಲ. ಬೀರಿ ಅಜ್ಜಿ ಸೊಪ್ಪು ಕೊಚ್ಚುತ್ತ ಕೂತಿದ್ದಳು, ತಲೆ ಎತ್ತಲಿಲ್ಲ. "ಅಳೆ ತಮಾ, ಅಳೆ. ಅಳೆದ್ರೆ ಗುಡ್ಡಕ್ಕೆ ನೋವಾಗುದಿಲ್ಲ. ಆದ್ರೆ ಆ ಹುಡ್ಗಿ ಈ ದಾರಿ ಹತ್ತುದು ಬ್ಯಾಡ. ನಮ್ಮನೆಯವ್ರು ತಮ್ಮನೆ ಚಾವಡಿ ಮೇಲೇ ಕಣ್ಣು ಮುಚ್ಬೇಕಿತ್ತು" ಎಂದಳು.

ನಿನಗೂ ತಿಳಿದಿರಲಿ ಎಂದು ಬರೆದೆ.

ಸಾಯಿನಾಥ

•

ಕಾರವಾರ
ಜೂನ್ 24

ಅಣ್ಣಾ,

ಮೂರು ಹಾಳೆಗಳೂ ಬಂದು ಮುಟ್ಟಿದವು. ನಿನ್ನ ಅಕ್ಷರ ಮೊದಲಿನ ಹಾಗೇ ದುಂಡಗಿದೆ. ನಮ್ಮ ಕಚೇರಿಯ ಕೋಣೆಯಲ್ಲಿ ಎಲ್ಲರಿಗೂ ತೋರಿಸಿದೆ.

ಒಂದು ವಿಷಯ ಕೇಳಬೇಕು. ಕೋಪ ಮಾಡಿಕೊಳ್ಳಬೇಡ. ಹದಿನಾರನೇ ತಾರೀಕು ಮಳೆ 41 ಮಿಲಿಮೀಟರು, ಒರತೆ 22 ಸೆಕೆಂಡು. ಹತ್ತೊಂಬತ್ತಕ್ಕೆ ಮಳೆ 183, ಒರತೆ 22. ಇಪ್ಪತ್ತಕ್ಕೆ ಮತ್ತೆ 160, ಒರತೆ 21. ಅಷ್ಟು ನೀರು ಬಿದ್ದ ಮೇಲೆ ಒರತೆ ಜೋರಾಗಬೇಕು, ಬಕೆಟ್ ಬೇಗ ತುಂಬಬೇಕು. ಉಳಿದ ಏಳು ಗುಡ್ಡಗಳಲ್ಲೂ ಹಾಗೇ ಆಗಿದೆ. ನಮ್ಮ ಒರತೆಗೆ ಮಾತ್ರ ಮಳೆ ಬಂದದ್ದೇ ತಿಳಿದ ಹಾಗಿಲ್ಲ.

ಬಕೆಟ್ ಬದಲಾಗಿದೆಯೇ? ನೀರು ಬದಿಯಿಂದ ಹೊರಗೆ ಹರಿಯುತ್ತಿದೆಯೇ? ಕಾರಣ ಸಣ್ಣದೇ ಇರಬಹುದು. ಆದರೆ ಒಳಗೆ ಬೇರೇನೋ ನಡೆಯುತ್ತಿದ್ದರೆ ನನಗೆ ಬೇಗ ತಿಳಿಯಬೇಕು. ಚಿರೆಕಲ್ಲಿನ ಕೆಳಗೆ ಜೇಡಿಮಣ್ಣಿನ ಪದರ ಇದೆ. ಅದು ನೆನೆದರೆ ಸಾಬೂನಿನ ಹಾಗೆ.

ಈ ವಾರದ ಹಾಳೆಯನ್ನು ಸ್ವಲ್ಪ ಬೇಗ ಕಳಿಸುತ್ತೀಯಾ?

ನಿನ್ನ
ಪ್ರಣಿತಾ

•

ಒರತೆಕೊಪ್ಪ
ಜೂನ್ 29

ಪ್ರಣಿತಾ,

ಬಕೆಟ್ ಬದಲಾಗಿಲ್ಲ. ನೀರು ಬದಿಯಿಂದ ಹರಿಯುತ್ತಿಲ್ಲ. ನನಗೆ ಗಡಿಯಾರ ನೋಡಲಿಕ್ಕೂ ಬರುತ್ತದೆ.

ನೀನು ಸುತ್ತಿ ಬಳಸಿ ಕೇಳಿದ್ದು ನನಗೆ ಅರ್ಥವಾಗದೆ ಇಲ್ಲ. ಗದ್ದೆಗೆ ಸಸಿ ನೆಡುವ ನೆಟ್ಟಿಯ ಕೆಲಸದ ನಡುವೆ, ಮೈಯೆಲ್ಲ ಕೆಸರು ಮಾಡಿಕೊಂಡು, ದಿನಾ ಬೆಳಿಗ್ಗೆ ಉಂಬಳ ಕಚ್ಚಿಸಿಕೊಂಡು ಬಿರುಕಿನವರೆಗೆ ಹತ್ತುತ್ತೇನೆ. ನೀನು ಒಣಗಿದ ಕೋಣೆಯಲ್ಲಿ ಕೂತು ಅಂಕಿ ಸರಿ ಇಲ್ಲ ಅನ್ನುತ್ತೀ. ಗುಡ್ಡ ಬೀಳದಿದ್ದರೆ ನಿನಗೆ ಸಮಾಧಾನ ಇಲ್ಲವೇ?

ಬಿರುಕು 4.2. ಒರತೆ 22. ಹಾಳೆ ಇಟ್ಟಿದ್ದೇನೆ.

ಸಾಯಿನಾಥ

•

ಒರತೆಕೊಪ್ಪ
ಜುಲೈ 4

ಪ್ರಣಿತಾ,

ನಾನು ಯಶೋದಾ, ನಿನ್ನ ಅತ್ತಿಗೆ. ಇದನ್ನು ಬರೆಯುವುದು ನಿನ್ನ ಅಣ್ಣನಿಗೆ ಗೊತ್ತಿಲ್ಲ. ಅಂಚೆಗೆ ಹಾಕಿದರೆ ತಡವಾಗುತ್ತದೆ ಎಂದು ನನ್ನ ತಮ್ಮ ಸತೀಶನ ಕೈಯಲ್ಲಿ ಕೊಡುತ್ತಿದ್ದೇನೆ. ಅವನೀಗ ಕಾರವಾರದ ಬಸ್ಸಿಗೇ ಕಂಡಕ್ಟರು.

ನಿನಗೆ ಬಂದ ಅಂಕಿ ಖರೆಯದ್ದಲ್ಲ. ಮಳೆಯದ್ದೊಂದು ಖರೆ, ಉಳಿದದ್ದು ಅವರು ಮನಸ್ಸಿನಿಂದ ಬರೆದದ್ದು.

ಬೆಳಿಗ್ಗೆ ನೀರಿಗೆ ಹೋಗುವವಳು ನಾನು. ಬಕೆಟ್ ನಾನು ಹಿಡಿಯುತ್ತೇನೆ, ಅವರು ಗಡಿಯಾರ ನೋಡುತ್ತಾರೆ, ಬಿರುಕಿಗೆ ಟೇಪು ಹಿಡಿಯುವುದೂ ಅವರೇ. ಅವರು ಬಾಯಿಬಿಟ್ಟು ಹೇಳಿದ್ದನ್ನು ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಕೆಳಗೆ ಬರೆಯುತ್ತ ಬಂದೆ. ಯಾಕೆ ಬರೆದೆನೋ, ಬರೆದೆ. ಒಂದು ದಿನ ಅವರು ನಿನಗೆ ಕಳಿಸುವ ಹಾಳೆ ಕಣ್ಣಿಗೆ ಬಿತ್ತು. ಎರಡಕ್ಕೂ ತಾಳೆ ಇರಲಿಲ್ಲ.

ಕ್ಯಾಲೆಂಡರಿನಲ್ಲಿ ಇದ್ದ ಹಾಗೇ ಬರೆಯುತ್ತೇನೆ. ಜೂನ್ 16: ಒರತೆ 14 ಸೆಕೆಂಡು, ಬಿರುಕು 4.6. ಜೂನ್ 20: ಒರತೆ 9, ಬಿರುಕು 6.2. ಆಮೇಲೆ ಮಳೆ ಜಡಿ ಹಿಡಿದು ಹೊಯ್ಯುತ್ತಿದ್ದರೂ ಒರತೆ ಸಣ್ಣದಾಗುತ್ತ ಹೋಯಿತು. ಜೂನ್ 28: ಒರತೆ 31, ಬಿರುಕು 8.9. ನಿನ್ನೆ ಒರತೆ 74, ಬಿರುಕು 11.6. ನೀರು ಕೆಂಪಗೆ ಬಂತು. ಅನ್ನಕ್ಕೆ ಇಡಲಿಕ್ಕೆ ಆಗಲಿಲ್ಲ.

ಅವರ ಮೇಲೆ ಸಿಟ್ಟಾಗಬೇಡ ಎಂದು ಹೇಳುವುದಿಲ್ಲ. ನನಗೇ ಸಿಟ್ಟಿದೆ. ಆದರೆ ಇದೊಂದು ತಿಳಿದುಕೋ. ಹೋದ ವರ್ಷ ನಾಗಜ್ಜನನ್ನು ಬೆನ್ನ ಮೇಲೆ ಹೊತ್ತು ಇಳಿಸಿದವರು ಇವರು. ಅಜ್ಜ ದಾರಿಯುದ್ದಕ್ಕೂ "ನನ್ನ ಬಿಡಾ, ನಾ ಇಲ್ಲೇ ಇರ್ತೆ" ಎನ್ನುತ್ತಿದ್ದರಂತೆ. ಅಜ್ಜ ಹೋದ ಮೇಲೆ ನೆಟ್ಟಿಗೆ ಇವರನ್ನು ಯಾರೂ ಕರೆಯಲಿಲ್ಲ, ನಮ್ಮ ಗದ್ದೆಗೂ ಯಾರೂ ಬರಲಿಲ್ಲ. ಈ ವರ್ಷವಷ್ಟೇ ಮಧುಕರ ಮತ್ತೆ ಮನೆಗೆ ಬರತೊಡಗಿದ್ದಾನೆ. ಬಂದವರೆಲ್ಲ "ಬಿರುಕು ಹೇಗದೆ?" ಎಂದು ಕೇಳುತ್ತಾರೆ. ಇವರು "ಹೋದ ವರ್ಷದ್ದೇ, ಎರಡು ಬೆರಳು" ಅನ್ನುತ್ತಾರೆ. ಎಲ್ಲರೂ ಅದನ್ನು ನಂಬಿ ಮಲಗುತ್ತಾರೆ. ನನಗೊಬ್ಬಳಿಗೆ ನಿದ್ರೆ ಬರುವುದಿಲ್ಲ.

ಏನು ಮಾಡಬೇಕು ಹೇಳು. ನಾಡಿದ್ದು ಹತ್ತು ಗಂಟೆಗೆ ಹುಲ್ಲು ತರುವ ನೆವದಲ್ಲಿ ಗುಡ್ಡದ ಬುಡಕ್ಕೆ ಇಳಿಯುತ್ತೇನೆ.

ಯಶೋದಾ

•

ಗುಡ್ಡದ ಬುಡದ ಚಹಾ ಅಂಗಡಿ
ಜುಲೈ 6, ಬೆಳಿಗ್ಗೆ

ಒರತೆಕೊಪ್ಪದ ಎಲ್ಲರಿಗೂ,

ಮೇಲೆ ಬರಬೇಡ ಎಂದಿದ್ದೀರಿ. ಅದಕ್ಕೇ ಕೆಳಗೆ ಕೂತು ಬರೆದಿದ್ದೇನೆ. ಇದನ್ನು ಬೀರಿ ಅಜ್ಜಿಯ ಅಂಗಳದಲ್ಲಿ ಎಲ್ಲರಿಗೂ ಕೇಳುವ ಹಾಗೆ ಓದಬೇಕು ಎಂದು ಅತ್ತಿಗೆಯ ಹತ್ತಿರ ಹೇಳಿದ್ದೇನೆ.

ಮೊದಲು ಅಜ್ಜಿಗೆ. ನಾಗಜ್ಜ ಹೋದಾಗ ನಾನು ಬರಲಿಲ್ಲ. ಊರವರು ಬೇಡವೆಂದರು ಎಂಬುದು ನೆವ. ನಿಮ್ಮ ಮುಖ ನೋಡಲು ಹೆದರಿದೆ. ಅದು ತಪ್ಪು. ಇದನ್ನು ಒಂದು ವರ್ಷ ಮೊದಲೇ ಹೇಳಬೇಕಿತ್ತು.

ಈಗ ಗುಡ್ಡದ ವಿಷಯ. ಹೋದ ವರ್ಷ ನಾನು ಬಿರುಕನ್ನು ನೋಡಿ ಹೆದರಿ ವರದಿ ಬರೆದೆ. ಒರತೆಯನ್ನು ನೋಡಿರಲಿಲ್ಲ. ಈ ವರ್ಷ ಮಳೆ ಏರಿದಂತೆ ಒರತೆ ಮೊದಲು ಜೋರಾಗಿ, ಆಮೇಲೆ ಒಮ್ಮೆಲೇ ಸೊರಗಿದೆ. ಹೊರಗೆ ಬರಬೇಕಾದ ನೀರು ಬಿರುಕಿನಿಂದ ಒಳಗಿಳಿದು ನಿಮ್ಮ ಮನೆಗಳ ಹಿಂದೆ ತುಂಬುತ್ತಿದೆ ಎಂದು ನನ್ನ ತಿಳಿವಳಿಕೆ. ಬಿದ್ದೇ ಬೀಳುತ್ತದೆ ಎಂದು ಹೇಳಲಾರೆ. ಹೋದ ವರ್ಷ ಅಷ್ಟು ಗಟ್ಟಿಯಾಗಿ ಹೇಳಿದ್ದೇ ತಪ್ಪಾಯಿತು. ಬೀಳದೆಯೂ ಇರಬಹುದು. ಆದರೆ ಆ ಮನೆಗಳಲ್ಲಿ ನನ್ನವರಿದ್ದಾರೆ, ಅವರು ಈ ಹೊತ್ತು ಅಲ್ಲಿ ಇರುವುದು ನನಗೆ ಬೇಡ.

ನನ್ನನ್ನು ನಂಬಬೇಕೆಂದಿಲ್ಲ. ನಿಮ್ಮಲ್ಲೇ ಇಬ್ಬರು ಟೇಪು ಹಿಡಿದು ಮೇಲೆ ಹೋಗಿ. ಮೊಳೆಯಿಂದ ಮೊಳೆಗೆ ಐದು ಸೆಂಟಿಮೀಟರಿಗಿಂತ ಹೆಚ್ಚಿಲ್ಲದಿದ್ದರೆ ಈ ಕಾಗದ ಒಲೆಗೆ ಹಾಕಿ.

ಅಧಿಕಾರಿಗಳಿಗೆ ಬೆಳಿಗ್ಗೆಯೇ ತಿಳಿಸಿದ್ದೇನೆ. ನೋಡಲಿಕ್ಕೆ ಬರುವುದು ಇನ್ನೂ ಎರಡು ದಿನವಾಗಬಹುದು. ಕಾಯಬೇಡಿ. ಶಾಲೆಗೆ ಹೋಗುವುದೂ ಬೇಡ. ಬೊಬ್ರುವಾಡದಲ್ಲಿ, ಬೆಳಂಬಾರದಲ್ಲಿ ನಿಮ್ಮ ನಿಮ್ಮ ನೆಂಟರಿದ್ದಾರೆ. ದನಕರುಗಳನ್ನೂ ಹೊಡೆದುಕೊಂಡು ಬನ್ನಿ. ಗುಡ್ಡದಲ್ಲಿ ಸದ್ದು ಕೇಳಿದರೆ ಕೆಳಕ್ಕೆ ಓಡಬೇಡಿ, ಪಕ್ಕದ ಬಂಡೆಯ ಕಡೆಗೆ ಓಡಿ.

ನೀವು ಇಳಿಯುವವರೆಗೆ ನಾನು ಈ ಅಂಗಡಿಯ ಬೆಂಚಿನ ಮೇಲೇ ಇರುತ್ತೇನೆ.

ಪ್ರಣಿತಾ

•

ಬೊಬ್ರುವಾಡ
ಜುಲೈ 12

ಪ್ರಣಿತಾ,

ಆರನೇ ತಾರೀಕು ಸಂಜೆ ನಾವು ಇಳಿದು ಬಂದಾಗ ನೀನು ಅಂಗಡಿಯ ಮುಂದೆ ನಿಂತಿದ್ದೆ. ಅಜ್ಜಿಯ ಗಂಟು ನಿನ್ನ ಕೈಗೆ ಕೊಟ್ಟೆ, ನೀನು ತೆಗೆದುಕೊಂಡೆ. ಮೇಲೆ ಏನಾಯಿತು ಎಂದು ಯಶೋದಾ ನಿನಗೆ ಅರ್ಧ ಹೇಳಿರಬಹುದು. ನಾನು ಪೂರಾ ಬರೆಯುತ್ತೇನೆ.

ನಾನು ಗದ್ದೆಯಿಂದ ಬರುವಷ್ಟರಲ್ಲಿ ಅಜ್ಜಿಯ ಅಂಗಳದಲ್ಲಿ ಎಲ್ಲರೂ ಸೇರಿದ್ದರು. ಯಶೋದಾ ನಿನ್ನ ಕಾಗದ ಓದಿದಳು. ಮುಗಿದ ಮೇಲೆ ಮಧುಕರ ಎದ್ದ. "ಮತ್ತೆ ಅದೇ ಕಥೆ. ಬಿರುಕು ಎರಡೇ ಬೆರಳು ಅಂತ ಸಾಯಿನಾಥ ದಿನಾ ನೋಡಿ ಹೇಳ್ತಾ ಇಲ್ವಾ? ಟೇಪು ಎಂತಕ್ಕೆ?" ಎಂದ. ಎಲ್ಲರೂ ನನ್ನ ಕಡೆ ತಿರುಗಿದರು. ಹೌದು ಎಂದು ನಾನು ತಲೆಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಎಲ್ಲರೂ ಮನೆಗೆ ಹೋಗುತ್ತಿದ್ದರು. ಖರೆ ಹೇಳುತ್ತೇನೆ, ತಲೆಯಾಡಿಸುವ ಮನಸ್ಸು ಬಂದಿತ್ತು.

ಯಶೋದಾ ಸೆರಗಿನ ಒಳಗಿಂದ ಕ್ಯಾಲೆಂಡರ್ ತೆಗೆದಳು. "ನೀವು ಹೇಳ್ತ್ರೋ, ನಾ ಹೇಳ್ಲೋ?" ಎಂದಳು. ಅಷ್ಟೂ ಜನರ ಎದುರಿಗೆ.

ನಾನು ಹೇಳಿದೆ. ಸುಳ್ಳು ಬರೆದೆ, ನಿಮಗೂ ಸುಳ್ಳು ಹೇಳಿದೆ, ಬಿರುಕು ಈಗ ಅರ್ಧ ಗೇಣು ದಾಟಿದೆ ಎಂದೆ. ಮಧುಕರ ನನ್ನ ಅಂಗಿ ಹಿಡಿದ. "ಎರಡು ಬೆರಳು ಅಂದಂವ ನೀನೇ, ಅರ್ಧ ಗೇಣು ಅನ್ನಂವನೂ ನೀನೇ. ನಾ ಯಾವ್ದು ನಂಬುದು ಹೇಳು!" "ನಂಗೆ ಹೆದ್ರಿಕೆ ಆಗಿತ್ತು ಮಧು. ಇನ್ನೊಬ್ರು ಯಾರನ್ನಾದ್ರೂ ಹೊತ್ತು ಇಳಿಸ್ಬೇಕಾಗ್ತದೆ ಅಂತ ಹೆದ್ರಿಕೆ" ಎಂದೆ.

ಬೀರಿ ಅಜ್ಜಿ ಅಷ್ಟು ಹೊತ್ತು ಕೂತೇ ಇದ್ದಳು. ಎದ್ದು ಒಳಗೆ ಹೋದಳು. ಜಗಳ ಅವಳಿಗೆ ಬೇಡವಾಯಿತು ಎಂದುಕೊಂಡೆವು. ಬರುವಾಗ ಬಗಲಲ್ಲಿ ಬಟ್ಟೆಯ ಗಂಟು ಇತ್ತು. "ನಾ ನಡೀತೆ. ನನ್ನ ಯಾರೂ ಹೊರುದು ಬ್ಯಾಡ" ಎಂದು ದಾರಿ ಹಿಡಿದಳು. ಅವಳ ಹಿಂದೆ ಒಂದೊಂದೇ ಮನೆಯವರು ಎದ್ದರು. ಯಾರೂ ಟೇಪು ಹಿಡಿದು ಮೇಲೆ ಹೋಗಲಿಲ್ಲ.

ಮಧುಕರ ಹೆಂಡತಿ ಮಕ್ಕಳನ್ನು ಬೆಳಂಬಾರಕ್ಕೆ ಕಳಿಸಿ ತಾನು ಎರಡು ದನಗಳ ಜೊತೆ ಅಲ್ಲೇ ಉಳಿದ. ನನ್ನ ಮಾತಿನ ಮೇಲೆ ಇಳಿಯುವುದಿಲ್ಲ ಎಂದ. ಎಂಟನೇ ತಾರೀಕು ಅಧಿಕಾರಿಗಳು ಬಂದು ಹೇಳಿದರೂ ಕೇಳಲಿಲ್ಲ.

ಆ ಮೂರು ದಿನ ಬೆಳಿಗ್ಗೆ ನಾನು ಮೇಲೆ ಹೋಗುತ್ತಿದ್ದೆ. ನಿನಗೆ ಹೇಳಿದ್ದರೆ ಬಿಡುತ್ತಿರಲಿಲ್ಲ. ಖರೆಯ ಅಂಕಿ ಬರೆಯಬೇಕಿತ್ತು, ಮಧುಕರನನ್ನು ಕರೆಯಬೇಕಿತ್ತು. ಎರಡು ದಿನ ಅವನು ಬಾಗಿಲನ್ನೇ ತೆರೆಯಲಿಲ್ಲ. ಒಂಬತ್ತನೇ ತಾರೀಕು ಏಳು ಗಂಟೆಗೆ ಒರತೆಗೆ ಬಕೆಟ್ ಹಿಡಿದೆ. ನೀರಿಲ್ಲ. ಮಳೆ ಧೋ ಎಂದು ಹೊಯ್ಯುತ್ತಿದೆ, ಕಲ್ಲಿನ ಬಾಯಿ ಒಣಗಿದೆ. ಹುಟ್ಟಿದಾಗಿನಿಂದ ಆ ನೀರಿನ ಸದ್ದು ನಿಂತದ್ದು ನಾನು ಕೇಳಿಲ್ಲ. ಬಕೆಟ್ ಅಲ್ಲೇ ಬಿಟ್ಟು ಓಡಿದೆ.

ಮಧುಕರ ಕೊಟ್ಟಿಗೆಯಲ್ಲಿ ಹಾಲು ಹಿಂಡುತ್ತಿದ್ದ. "ಮಧು, ನೀರು ನಿಂತು ಹೋಯ್ತು" ಎಂದೆ. ಅವನು ನನ್ನ ಮುಖ ನೋಡಿದ. ಏನು ಕಂಡಿತೋ ಗೊತ್ತಿಲ್ಲ, ಚೊಂಬು ಕೆಳಗಿಟ್ಟು ಒಂದು ದನದ ಕಣ್ಣಿ ಬಿಚ್ಚಿದ. ಇನ್ನೊಂದರ ಗಂಟು ನೆನೆದು ಬಿಗಿದಿತ್ತು. ಕತ್ತಿ ತರುತ್ತೇನೆ ಎಂದು ಒಳಗೆ ಹೊರಟ. ಆಗ ಹಿತ್ತಲ ಹಲಸಿನಮರ ನಿಂತ ಹಾಗೇ ನಮ್ಮ ಕಡೆಗೆ ಸರಿಯಿತು. ಬೀಳಲಿಲ್ಲ ಪ್ರಣಿತಾ, ಸರಿಯಿತು. ನಾನು ಅವನ ಕೈ ಹಿಡಿದು ಎಳೆದೆ. ಅವನು ಕೆಳಗಿನ ದಾರಿಗೆ ತಿರುಗಿದ, ನಾನು ಬಂಡೆಯ ಕಡೆಗೆ ಎಳೆದೆ. ಬಿದ್ದೆವು, ಎದ್ದೆವು. ಹಿಂದೆ ಕಲ್ಲು ಕಲ್ಲು ತಿಕ್ಕುವ ಸದ್ದು. ಬಂಡೆ ಮುಟ್ಟಿ ತಿರುಗಿ ನೋಡಿದರೆ ಅವನ ಮನೆ ಇಲ್ಲ, ಅಜ್ಜಿಯ ಮನೆ ಇಲ್ಲ, ನಮ್ಮದರ ಒಂದು ಗೋಡೆ ಮಾತ್ರ ಇದೆ. ಆರು ಮನೆ ಹೋಯಿತು. ಕೆಳಗಿನ ದಾರಿಯ ಮೇಲೆ ತೆಂಗಿನಮರದಷ್ಟು ಎತ್ತರ ಮಣ್ಣು.

ಬಿಚ್ಚಿದ ದನ ಬದುಕಿತು. ಇನ್ನೊಂದು ಇಲ್ಲ. ಮಧುಕರ ಬಂಡೆಯ ಮೇಲೆ ಕೂತು ಅದರ ಹೆಸರು ಕರೆಯುತ್ತಲೇ ಇದ್ದ. ಕಾಲು ಮುರಿದದ್ದು ಅವನಿಗೆ ಆಮೇಲೆ ತಿಳಿಯಿತು.

ಇಳಿಯದೇ ಇದ್ದಿದ್ದರೆ ಎಂದು ದಿನಾ ಎಣಿಸುತ್ತೇನೆ. ಆರು ಮನೆ, ಇಪ್ಪತ್ತೇಳು ಜನ.

ಸಾಯಿನಾಥ

•

ಕಾರವಾರ
ಜುಲೈ 20

ಅಣ್ಣಾ,

ನಿನ್ನ ಪತ್ರ ಓದಿದ ದಿನ ಕೆಲಸಕ್ಕೆ ಹೋಗಲಿಲ್ಲ. ಸಮುದ್ರದ ದಂಡೆಯಲ್ಲಿ ಕೊಡೆ ಹಿಡಿದು ನಿಂತು ಬಂದೆ. ನೀನು ಒಬ್ಬನೇ ಮೇಲೆ ಹೋದದ್ದಕ್ಕೆ ಬೈಯಬೇಕೆಂದು ಮೂರು ಸಲ ಬರೆದು ಹರಿದೆ.

ಈಗ ಒಂದು ಕಷ್ಟದ ಮಾತು. ಅಧ್ಯಯನದ ವರದಿ ಬರೆಯುತ್ತಿದ್ದೇವೆ. ಒರತೆ ಸೊರಗಿ, ಕೆಂಪಾಗಿ, ನಿಂತು, ಆಮೇಲೆ ಗುಡ್ಡ ಬಿದ್ದದ್ದು ಉಳಿದ ಊರುಗಳಿಗೆ ಬೇಕಾದ ಮಾಹಿತಿ. ಆದರೆ ನಮ್ಮ ಕಡತದಲ್ಲಿ ಅದೇ ದಿನಗಳಿಗೆ ನಿನ್ನ ಸುಳ್ಳು ಹಾಳೆಗಳೂ ಇವೆ. ಅವು ಬಂದೇ ಇಲ್ಲ ಎಂದು ತೆಗೆದು ಹಾಕಿ ಅತ್ತಿಗೆಯ ಕ್ಯಾಲೆಂಡರ್ ಒಂದನ್ನೇ ಇಡೋಣ, ಯಾರಿಗೂ ತಿಳಿಯುವುದಿಲ್ಲ ಎಂದು ಜೊತೆಯವರು ಹೇಳುತ್ತಿದ್ದಾರೆ. ನಿನ್ನ ಮಾನ ಉಳಿಯುತ್ತದೆ. ನನಗೂ ಆ ಆಸೆ ಇದೆ. ಆದರೆ ಹಾಗೆ ಮಾಡಿದರೆ ನಾನೂ ಸುಳ್ಳು ಹಾಳೆ ಬರೆದ ಹಾಗೆ.

ನಿನ್ನನ್ನು ಕೇಳದೆ ಏನೂ ಮಾಡುವುದಿಲ್ಲ.

ನಿನ್ನ ತಂಗಿ,
ಪ್ರಣಿತಾ

•

ಬೊಬ್ರುವಾಡ
ಆಗಸ್ಟ್ 3

ಪ್ರಣಿತಾ,

ಉತ್ತರಕ್ಕೆ ತಡವಾಯಿತು. ಎರಡು ವಾರ ಅದೇ ವಿಚಾರ.

ಎರಡನ್ನೂ ಇಡು. ಸುಳ್ಳು ಇಂಥವನು ಬರೆದದ್ದು, ಖರೆ ಅವನ ಹೆಂಡತಿ ಬರೆದದ್ದು ಎಂದು ಹೆಸರು ಹಾಕಿಯೇ ಇಡು. ಅಂಗಳದಲ್ಲಿ ಎಲ್ಲರ ಎದುರಿಗೆ ಹೇಳಿಯಾಗಿದೆ, ಇನ್ನು ಪುಸ್ತಕದಲ್ಲಿ ಮುಚ್ಚಿ ಏನು? ಬೇರೆ ಗುಡ್ಡಗಳಲ್ಲೂ ನನ್ನಂಥವರು ಬಕೆಟ್ ಹಿಡಿಯುತ್ತಾರೆ. ಅವರಿಗೂ ಹೆದರಿಕೆ ಆಗಿಯೇ ಆಗುತ್ತದೆ. ಅಂಕಿ ಕೇಳುವವರು ಅದನ್ನೂ ಕೇಳಬೇಕು ಎಂದು ಬರೆ. ಹೋದ ವರ್ಷ ನಾಗಜ್ಜ ಹೋದ ಮೇಲೆ ನೀನು ನನ್ನನ್ನು ಒಂದು ಸಲ ಕೇಳಿದ್ದಿದ್ದರೆ ನಾನು ಹೇಳುತ್ತಿದ್ದೆನೋ ಏನೋ. ಬೈಯಲಿಕ್ಕೆ ಹೇಳಿದ್ದಲ್ಲ.

ಮಧುಕರನ ಕಾಲಿಗೆ ಪಟ್ಟಿ ಹಾಕಿದ್ದಾರೆ. ನಾನು ಹೋದರೆ ಮಾತಾಡುವುದಿಲ್ಲ, ಎದ್ದು ಹೋಗು ಎಂದೂ ಅನ್ನುವುದಿಲ್ಲ. ಅವನ ಉಳಿದ ಸಸಿಯನ್ನು ನಾನು, ಯಶೋದಾ ನೆಟ್ಟು ಬಂದೆವು.

ಬೆಳಂಬಾರದ ಹತ್ತಿರ ನಮಗೆ ಮನೆಗೆ ಜಾಗ ತೋರಿಸಿದ್ದಾರೆ. ಹಿಂದೆ ಸಣ್ಣ ದಿಬ್ಬ, ಮುಂದೆ ಗದ್ದೆ. ಎಲ್ಲರಿಗೂ ಹಿಡಿಸಿತು. ಸಹಿ ಹಾಕುವ ಹೊತ್ತಿಗೆ ಬೀರಿ ಅಜ್ಜಿ ತಡೆದಳು. "ಆ ಹುಡ್ಗಿಗೆ ಬರುಕೆ ಹೇಳು ತಮಾ. ಬಂದು ಮಣ್ಣು ನೋಡ್ಲಿ, ನೀರು ನೋಡ್ಲಿ. ಅದು ಬ್ಯಾಡ ಅಂದ್ರೆ ಬ್ಯಾಡ" ಎಂದಳು. ಅಧಿಕಾರಿಗಳು ಮುಖ ಮುಖ ನೋಡಿಕೊಂಡರು. ಅಜ್ಜಿ ಹೆಬ್ಬೆಟ್ಟಿನ ಶಾಯಿ ಒರೆಸಿಕೊಂಡು ಎದ್ದೇ ಬಿಟ್ಟಳು.

ಅಜ್ಜನ ಮಾತು ಅವಳು ಎತ್ತಲಿಲ್ಲ. ನೀನೂ ನಿನ್ನಷ್ಟಕ್ಕೆ ಎತ್ತಬೇಡ. ಅವಳು ತೆಗೆದರೆ ಕೂತು ಕೇಳು.

ಸೋಮವಾರ ಬಾ. ಸತೀಶನ ಬಸ್ಸಿನಲ್ಲೇ ಹೊರಟು ಬೆಳಂಬಾರದ ತಿರುವಿನಲ್ಲಿ ಇಳಿ. ಅಲ್ಲಿಂದ ಜಾಗಕ್ಕೆ ನಿನ್ನನ್ನು ಕರೆದುಕೊಂಡು ಹೋಗಲಿಕ್ಕೆ ನಾನು ಬರುತ್ತೇನೆ ಎಂದಿದ್ದೆ. ಬೇಡವಂತೆ. ಅಜ್ಜಿ ತಾನೇ ಬಂದು ನಿಲ್ಲುತ್ತಾಳಂತೆ.

ನಿನ್ನ ಅಣ್ಣ,
ಸಾಯಿನಾಥ